ಮನವಿಯ ನಾಲ್ಕನೇ ಹೆಸರು ತೆಗೆಯಿರಿ: ಹಾರುಬೆಕ್ಕಿನ ಬಗ್ಗೆ ಒಂದು ಬಹಿರಂಗ ಪತ್ರ

ಬೆಳಗಾವಿ ಜಿಲ್ಲೆಯ ಅರಣ್ಯ ಮತ್ತು ತೋಟಗಾರಿಕೆ ಅಧಿಕಾರಿಗಳಿಗೆ, ಹಾಗೇ ಖಾನಾಪುರ ತಾಲೂಕಿನ ನನ್ನ ತೋಟದ ಬಳಗಕ್ಕೆ ನಮಸ್ಕಾರ.

ಸಾಹೇಬರೇ, ಇಷ್ಟರಲ್ಲೇ ನಮ್ಮ ಭಾಗದ ರೈತರದ್ದೊಂದು ಮನವಿ ನಿಮ್ಮ ಟೇಬಲ್ ಮೇಲೆ ಬರುತ್ತದೆ. ಕಾಡುಪ್ರಾಣಿಗಳಿಂದ ತೋಟ ಹಾಳಾಗುತ್ತಿದೆ, ಏನಾದರೂ ಮಾಡಿ ಅಂತ ಅದರಲ್ಲಿ ಕೇಳಿದ್ದಾರೆ. ಕೇಳಿದ್ದು ಸರಿಯಾಗಿಯೇ ಇದೆ. ಹಂದಿ, ಕಾಡುಕೋಣ, ಮಂಗ ಅಂತ ಮೂರು ಹೆಸರು ಬರೆದಿದ್ದಾರೆ. ಅದರ ಕೆಳಗೆ ನಾಲ್ಕನೆಯದಾಗಿ ಹಾರುಬೆಕ್ಕು, ಅಂದರೆ ಹಾರುವ ಅಳಿಲು. ಈ ನಾಲ್ಕನ್ನೂ ‘ಪೀಡೆ’ ಅಂತ ಘೋಷಿಸಿ, ಹೊಡೆಯೋಕೆ ನಮಗೆ ಅನುಮತಿ ಕೊಡಿ ಅನ್ನೋದು ಬೇಡಿಕೆ.

ಮೂರು ಹೆಸರಿನ ಬಗ್ಗೆ ನನ್ನ ಜಗಳ ಇಲ್ಲ. ಹಂದಿ ಒಂದು ರಾತ್ರಿಯಲ್ಲಿ ಗೆಣಸಿನ ಹೊಲವನ್ನು ಏನು ಮಾಡುತ್ತದೆ ಅಂತ ಜಾಂಬೋಟಿ ಕಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಅದಕ್ಕೆ ದಾರಿ ಹುಡುಕಲೇಬೇಕು. ಆದರೆ ನಾಲ್ಕನೇ ಹೆಸರಿಗೆ ನಾನು ಸಹಿ ಹಾಕಲಿಲ್ಲ. ಅದರ ಮೇಲೆ ಗೆರೆ ಎಳೆದು ಸಹಿ ಹಾಕಿದೆ. ಕೆಲವರಿಗೆ ಸಿಟ್ಟು ಬಂದಿದೆ. ‘ನಿಮ್ಮ ತೋಟದಾಗ ಬರಂಗಿಲ್ಲೇನ್ರೀ?’ ಅಂತ ಒಬ್ಬ ಕಾಕಾ ಎಲ್ಲರೆದುರೇ ಕೇಳಿದರು. ಬರುತ್ತದೆ ಕಾಕಾ, ಬಂದು ತಿಂದೂ ಹೋಗುತ್ತದೆ. ಹಾಗಿದ್ದರೂ ಯಾಕೆ ಸಹಿ ಹಾಕಲಿಲ್ಲ ಅನ್ನೋದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಈ ಪ್ರಾಣಿಯ ಪರಿಚಯ ಆಗಲಿ. ಮನವಿಗೆ ಸಹಿ ಹಾಕಿದವರಲ್ಲಿ ಅರ್ಧಕ್ಕರ್ಧ ಮಂದಿ ಇದನ್ನು ಮೊಬೈಲ್‌ನಲ್ಲಿ ಬಂದ ಫೋಟೋದಲ್ಲಿ ಬಿಟ್ಟರೆ ನೋಡೇ ಇಲ್ಲ. ನಾವು ಹಾರುಬೆಕ್ಕು ಅನ್ನುವುದು ದೊಡ್ಡ ಹಾರುವ ಅಳಿಲನ್ನು. ಬೆಕ್ಕಿಗೂ ಇದಕ್ಕೂ ಯಾವ ನಂಟೂ ಇಲ್ಲ. ಮೂತಿಯಿಂದ ಬಾಲದ ತುದಿಯವರೆಗೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಾಲವೇ. ಮೈ ಬೂದು ಮಿಶ್ರಿತ ಕಂದು. ಮುಂಗಾಲಿನ ಮಣಿಕಟ್ಟಿನಿಂದ ಹಿಂಗಾಲಿನ ಪಾದದವರೆಗೆ ಎರಡೂ ಕಡೆ ತುಪ್ಪಳ ಇರುವ ಚರ್ಮದ ಪೊರೆ ಇದೆ. ಕೂತಾಗ ಅದು ಮೈಗೆ ಮಡಚಿಕೊಂಡಿರುತ್ತದೆ. ಜಿಗಿದಾಗ ನಾಲ್ಕೂ ಕಾಲು ಚಾಚಿ ಅದನ್ನು ಬಿಚ್ಚುತ್ತದೆ. ರೆಕ್ಕೆ ಬಡಿಯೋದಿಲ್ಲ, ಬಡಿಯೋಕೆ ರೆಕ್ಕೆಯೇ ಇಲ್ಲ. ಎತ್ತರದಿಂದ ತಗ್ಗಿಗೆ ತೇಲಿಕೊಂಡು ಬರುತ್ತದೆ ಅಷ್ಟೇ. ಇನ್ನೊಂದು ಗಿಡದ ಬೊಡ್ಡೆ ಹತ್ತಿರ ಬಂದಾಗ ಮೈಯನ್ನು ಮೇಲಕ್ಕೆ ಎತ್ತಿ ವೇಗ ಕಡಿಮೆ ಮಾಡಿಕೊಂಡು ನಾಲ್ಕೂ ಕಾಲಲ್ಲಿ ಅಪ್ಪಿಕೊಳ್ಳುತ್ತದೆ. ಆಮೇಲೆ ಸರಸರ ಮೇಲಕ್ಕೆ ಹತ್ತಿ, ಬೇಕಾದರೆ ಅಲ್ಲಿಂದ ಮತ್ತೆ ಜಿಗಿಯುತ್ತದೆ.

ಈ ಇಳಿಜಾರಿನ ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಎರಡು ಸಲ ಬೇಕಾಗುತ್ತದೆ. ಇದರ ಜಪಾನಿನ ದಾಯಾದಿಯ ತೇಲಾಟವನ್ನು ಅಳೆದು ನೋಡಿದ್ದಾರೆ. ಸರಾಸರಿ ಒಂದು ಮೀಟರ್ ಇಳಿದರೆ ಎರಡು ಮೀಟರ್‌ಗೆ ಹತ್ತಿರ ಮುಂದೆ ಹೋಗುತ್ತದೆ. ಅಂದರೆ 15 ಮೀಟರ್ ಎತ್ತರದ ಗಿಡದ ತುದಿಯಿಂದ ಹೊರಟರೆ ಹೆಚ್ಚೂಕಮ್ಮಿ 30 ಮೀಟರ್ ದೂರದ ಗಿಡ ಸಿಗುತ್ತದೆ. ಅದಕ್ಕಿಂತ ದೂರ ಇದ್ದರೆ ನೆಲಕ್ಕೆ ಇಳಿದು ನಡೆಯಬೇಕು. ಪೊರೆ ಹೊತ್ತುಕೊಂಡು ನೆಲದ ಮೇಲೆ ಇದರ ನಡಿಗೆ ಬಹಳ ಪೇಚಿನದು. ನಾಯಿಯೋ ಚಿರತೆಯೋ ಬಂದರೆ ಓಡೋಕೆ ಆಗೋದಿಲ್ಲ. ಅದಕ್ಕೇ ಸುಮ್ನೆ ಇಳಿಯೋದಿಲ್ಲ.

ಈಗ ನಮ್ಮ ತೋಟದ ವಿಷಯಕ್ಕೆ ಬರೋಣ. ನನ್ನ ತೋಟದ ಪಡುವಣ ಬದಿಗೆ ಕಾಡು ತಾಗಿಕೊಂಡಿದೆ. ಆ ಅಂಚಿನಲ್ಲಿ ಹಳೇ ಹಲಸಿನ ಗಿಡಗಳಿವೆ. ಅದರಿಂದ ಒಳಗೆ ಗೇರು, ಆಮೇಲೆ ಆಪೂಸ್ ಮಾವು, ಮನೆ ಹತ್ತಿರ ಚಿಕ್ಕು, ತೆಂಗು. ಹಾರುಬೆಕ್ಕು ತಿನ್ನೋದು ಅಂಚಿನ ಹಲಸನ್ನು ಮಾತ್ರ. ಗೇರಿನ ಗಿಡಗಳು ಕುಳ್ಳಗಿವೆ, ನಡುವೆ ಬಯಲಿದೆ, ಮನೆ ಹತ್ತಿರದ ಚಿಕ್ಕು ಅದಕ್ಕೆ ಎಟುಕೋದಿಲ್ಲ. ಮೇಲೆ ಹೇಳಿದ ಲೆಕ್ಕ ಹಾಕಿದರೆ ಯಾಕೆ ಅಂತ ಗೊತ್ತಾಗುತ್ತದೆ. ಹಂದಿಗೆ ಗಡಿ ಇಲ್ಲ, ಮಂಗನಿಗೆ ಮನೆ ಹಂಚಿನವರೆಗೂ ದಾರಿ ಇದೆ. ಹಾರುಬೆಕ್ಕಿಗೆ ಮಾತ್ರ ಕಾಡಿನ ಎತ್ತರದ ಗಿಡ ಎಲ್ಲಿಯವರೆಗೆ ಕಳಿಸುತ್ತದೋ ಅಲ್ಲಿಯವರೆಗೆ ಮಾತ್ರ ಪರವಾನಗಿ.

ತಿನ್ನುವ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹೊತ್ತು ಮುಳುಗಿ, ಇನ್ನೂ ಪೂರ್ತಿ ಕತ್ತಲಾಗದ ಹೊತ್ತಿಗೆ ಪೊಟರೆಯಿಂದ ಮುಖ ಹೊರಗೆ ಹಾಕುತ್ತದೆ. ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ಕೂತಿರುತ್ತದೆ. ಬ್ಯಾಟರಿ ಬಿಟ್ಟರೆ ಕಣ್ಣು ಕೆಂಡದ ಹಾಗೆ ಹೊಳೆಯುತ್ತದೆ. ಹಲಸಿನ ಗಿಡಕ್ಕೆ ಬಂದ ಮೇಲೆ ಮೊದಲು ಕೈ ಹಾಕೋದು ಹಣ್ಣಿಗಲ್ಲ. ಚಿಗುರು ಎಲೆಯ ಟೊಂಗೆ ಎಳೆದುಕೊಂಡು, ಎಲೆಯನ್ನು ಮುಂಗಾಲಲ್ಲಿ ಹಿಡಿದು ಅಂಚಿನಿಂದ ಕೊರೆಯುತ್ತದೆ. ಅರ್ಧ ತಿಂದು ಬಿಸಾಡುತ್ತದೆ. ಕೆಳಗೆ ನಿಂತವನ ತಲೆ ಮೇಲೆ ಎಲೆ ಚೂರು ಉದುರುತ್ತಲೇ ಇರುತ್ತವೆ. ಹಣ್ಣಾದ ಹಲಸು ವಾಸನೆ ಬಿಟ್ಟಿದ್ದರೆ ಮಾತ್ರ ಅದರ ಮೇಲೆ ತಲೆ ಕೆಳಗಾಗಿ ಕೂತು, ಸಿಪ್ಪೆ ಕೊರೆದು, ತೊಳೆ ಎಳೆದು ತಿನ್ನುತ್ತದೆ. ಬೆಳಿಗ್ಗೆ ನೋಡಿದರೆ ಹಣ್ಣಿನಲ್ಲಿ ಒಂದು ಗುಂಡಿ ಇರುತ್ತದೆ, ಗುಂಡಿಯ ಅಂಚಿನಲ್ಲಿ ಉಳಿಯಿಂದ ಕೆತ್ತಿದ ಹಾಗೆ ಜೋಡಿ ಗೆರೆಗಳು.

ಆ ಜೋಡಿ ಗೆರೆ ಬಹಳ ಮುಖ್ಯ. ಯಾಕೆಂದರೆ ನಮ್ಮಲ್ಲಿ ರಾತ್ರಿ ಏನು ಹಾಳಾದರೂ ಈಗೀಗ ಅದರ ಹೆಸರೇ ಬರುತ್ತಿದೆ. ಇದರಲ್ಲಿ ಮುಕ್ಕಾಲು ಪಾಲು ಬೇರೆಯವರ ಕೆಲಸ ಅಂತ ನನ್ನ ಅನಿಸಿಕೆ. ಚಿಕ್ಕು, ಪೇರಲ, ಮಾವು ರಾತ್ರಿ ಮಾಯವಾಗಿ, ಸ್ವಲ್ಪ ದೂರದ ದೊಡ್ಡ ಗಿಡದ ಕೆಳಗೆ ಅಗಿದು ಉಗಿದ ನಾರಿನ ಉಂಡೆ, ಬೀಜ ಬಿದ್ದಿದ್ದರೆ ಅದು ಬಾವಲಿ. ಗೇರುಹಣ್ಣನ್ನೂ ಬಾವಲಿ ಒಯ್ಯುತ್ತದೆ. ಒಂದು ಉಪಕಾರ ಏನೆಂದರೆ ಬೀಜ ಅಲ್ಲೇ ಉದುರಿಸಿರುತ್ತದೆ, ಆರಿಸಿಕೊಂಡರಾಯಿತು. ಕಲ್ಲಿನ ಮೇಲೋ ದಿಬ್ಬದ ಮೇಲೋ ಬೀಜ ತುಂಬಿದ ಹಿಕ್ಕೆ ಇದ್ದರೆ ಪುನುಗು ಬೆಕ್ಕು. ಎಳೆ ತೆಂಗಿನಕಾಯಿಗೆ ತೊಟ್ಟಿನ ಹತ್ತಿರ ತೂತು ಬಿದ್ದು ಉದುರಿದರೆ ಮೊದಲು ಇಲಿಯನ್ನು ಅನುಮಾನಿಸಬೇಕು. ಕೆಳಗೆ ಬಿದ್ದ ಹಲಸನ್ನು ಮುಳ್ಳುಹಂದಿ ತಿನ್ನುತ್ತದೆ, ಕರಡಿ ತಿನ್ನುತ್ತದೆ. ದಾಂಡೇಲಿ ಕಡೆಯಿಂದ ಆನೆ ಬಂದ ವರ್ಷ ಗಿಡಕ್ಕೆ ಗಿಡವೇ ಬೋಳು. ಹಗಲಿನಲ್ಲಿ ಎತ್ತರದ ಟೊಂಗೆಯಲ್ಲಿ ಹಣ್ಣು ಕೊರೆದರೆ ಅದು ಕೆಂದಳಿಲು, ನಮ್ಮ ಗಡಿಯ ಮರಾಠಿ ಮಂದಿ ಶೇಕ್ರು ಅನ್ನುತ್ತಾರೆ. ಅದು ಮಹಾರಾಷ್ಟ್ರದ ರಾಜ್ಯಪ್ರಾಣಿ. ಗಡಿ ದಾಟಿ ಚಂದಗಡಕ್ಕೆ ಹೋದರೆ ರಾಜ ಮರ್ಯಾದೆ, ಈಚೆ ಬಂದರೆ ಕಲ್ಲು. ಇರಲಿ ಬಿಡಿ.

ಇಷ್ಟೆಲ್ಲ ಜನ ಉಂಡು ಹೋದ ಎಲೆಯನ್ನು ಒಬ್ಬನ ಮುಂದೆ ಇಟ್ಟು ಬಿಲ್ಲು ಕೇಳುವುದು ಸರಿಯಾ?

ಅಷ್ಟಕ್ಕೂ ಇದರ ಮುಖ್ಯ ಊಟ ನಮ್ಮ ತೋಟದ್ದಲ್ಲ. ಪಶ್ಚಿಮಘಟ್ಟದಲ್ಲಿ ಇದನ್ನು ಕೂತು ನೋಡಿ ಅಧ್ಯಯನ ಮಾಡಿದವರು ಅತ್ತಿಯ ಹಣ್ಣು ಮತ್ತು ಎಲೆಗಳನ್ನೇ ಮೇಲೆ ಇಟ್ಟಿದ್ದಾರೆ. ರಾಜಸ್ಥಾನದ ಸೀತಾಮಾತಾ ಅಭಯಾರಣ್ಯದಂಥ ಒಣ ಕಾಡಿನಲ್ಲಿ ಇದೇ ಪ್ರಾಣಿ ಹಿಪ್ಪೆ ಗಿಡಗಳನ್ನು ನಂಬಿಕೊಂಡು ಬದುಕುತ್ತದೆ. ಎಲೆ, ಚಿಗುರು, ತೊಗಟೆ, ಹೂವು, ಕಾಡುಹಣ್ಣು, ಇವು ವರ್ಷವಿಡೀ. ಹಲಸು ಹಣ್ಣಾದಾಗ ಬಾಯಿ ರುಚಿಗೆ ನಮ್ಮ ಕಡೆ ಬರುತ್ತದೆ. ನನ್ನ ಅಂಚಿನ ಗಿಡಗಳ ಪಕ್ಕದ ಹಳ್ಳದಲ್ಲಿ ಅತ್ತಿ ತುಂಬಾ ಬಿಟ್ಟ ವರ್ಷ ಹಲಸಿನ ಕಡೆ ತಲೆಯೇ ಹಾಕಲಿಲ್ಲ. ಹಳ್ಳದ ದಂಡೆಯ ಅತ್ತಿ ಕಡಿಯಬೇಡಿ ಅಂತ ನಾನು ನೆರೆಯವರಿಗೆ ಗಂಟು ಬಿದ್ದಿರೋದಕ್ಕೆ ಇದೇ ಕಾರಣ, ಭಕ್ತಿಯೇನಲ್ಲ.

ಇಂಥ ಜಗಳ ನಮ್ಮೊಬ್ಬರದ್ದೇ ಅಲ್ಲ. ಮಲೇಷ್ಯಾ, ಇಂಡೋನೇಷ್ಯಾ ಕಡೆ ಕೊಲುಗೊ ಅಂತ ಒಂದು ಪ್ರಾಣಿ ಇದೆ. ನಮ್ಮ ದೇಶದಲ್ಲಿಲ್ಲ. ಅದು ಅಳಿಲೂ ಅಲ್ಲ, ಬಾವಲಿಯೂ ಅಲ್ಲ, ಅದರದ್ದೇ ಬೇರೆ ಕುಲ. ಅದರ ಪೊರೆ ಕತ್ತಿನಿಂದ ಹಿಡಿದು ಬೆರಳ ಸಂದು, ಬಾಲದ ತುದಿಯವರೆಗೂ ಇರುತ್ತದೆ. ಹಾಗಾಗಿ ನೂರು ಮೀಟರ್ ಮೀರಿ ತೇಲಬಲ್ಲದು. ತಿನ್ನುವುದು ಹೆಚ್ಚಾಗಿ ಎಲೆ, ಚಿಗುರು, ಹೂವು. ಕಾಡಿನ ಮಗ್ಗುಲಿನ ತೆಂಗಿನ ತೋಟ, ಹಣ್ಣಿನ ತೋಟಗಳಿಗೂ ಬಂದು ಹೂ ಮೊಗ್ಗು ತಿನ್ನುತ್ತದೆ ಅಂತ ಅಲ್ಲಿಯ ರೈತರು ಅದನ್ನು ಪೀಡೆ ಅಂತಲೇ ಕೊಲ್ಲುತ್ತಾ ಬಂದಿದ್ದಾರೆ. ಅಲ್ಲೂ ಕಾಡು ಕಡಿದು ತೋಟ ಮಾಡಿದ ಮೇಲೆ ಶುರುವಾದ ತಂಟೆ ಇದು.

ಈಗ ‘ಪೀಡೆ’ ಅನ್ನುವ ಬೇಡಿಕೆಗೆ ಬರುತ್ತೇನೆ. ಹಾರುವ ಅಳಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹೊಡೆದರೆ ಕೇಸು. ಹಿಂದೆ ಆ ಕಾಯ್ದೆಯಲ್ಲಿ ಪೀಡೆ ಪ್ರಾಣಿಗಳದ್ದೇ ಒಂದು ಪಟ್ಟಿ ಇತ್ತು, ಐದನೇ ಅನುಸೂಚಿ ಅಂತ. ಅದರಲ್ಲಿ ಇಲಿ, ಕಾಗೆಗಳ ಜೊತೆ ಹಣ್ಣುಬಾವಲಿಯೂ ಇತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ಎತ್ತಿಹಾಕಿತು, 2023ರ ಏಪ್ರಿಲ್‌ನಿಂದ ಅದು ಜಾರಿಯಲ್ಲಿದೆ. ಈಗ ಯಾವ ಪ್ರಾಣಿಯನ್ನಾದರೂ ಪೀಡೆ ಅನ್ನಬೇಕಾದರೆ ಕೇಂದ್ರ ಸರ್ಕಾರವೇ ಇಂಥ ಜಾಗಕ್ಕೆ, ಇಷ್ಟು ಕಾಲಕ್ಕೆ ಅಂತ ಅಧಿಸೂಚನೆ ಹೊರಡಿಸಬೇಕು. ಅಲ್ಲಿಯವರೆಗೆ ಹೋಗೋ ಕಾಗದದಲ್ಲಿ ಹಂದಿಯ ಪಕ್ಕ ಹಾರುಬೆಕ್ಕನ್ನು ಸೇರಿಸಿದರೆ ಓದಿದವರು ನಗುತ್ತಾರೆ. ಹಂದಿಯ ನಿಜವಾದ ಅಳಲು ಕೂಡ ಆ ನಗೆಯಲ್ಲಿ ಹೋಗಿಬಿಡುತ್ತದೆ. ನನಗೆ ಇದೇ ಜಾಸ್ತಿ ಭಯ.

ಇನ್ನೊಂದು ಲೆಕ್ಕವೂ ಇದೆ. ಹಂದಿ ಒಂದೇ ಸೂಲಿಗೆ ಎಷ್ಟು ಮರಿ ಹಾಕುತ್ತದೆ ಅಂತ ನಿಮಗೇ ಗೊತ್ತು. ಹಾರುಬೆಕ್ಕು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಒಂದು ಕಾಡಂಚಿನಲ್ಲಿ ನಾಲ್ಕು ಪ್ರಾಣಿ ಹೊಡೆದರೆ ಆ ಅಂಚು ವರ್ಷಗಟ್ಟಲೆ ಖಾಲಿ. ಹೊಡೆದ ಮೇಲೂ ಹಲಸು ಉಳಿಯೋದಿಲ್ಲ, ಬಾವಲಿ, ಮುಳ್ಳುಹಂದಿ ಇದ್ದೇ ಇವೆ.

ಹಾಗಾದರೆ ಏನು ಮಾಡೋದು ಅಂತ ಕಾಕಾ ಕೇಳಿದ್ದಕ್ಕೆ ಇಲ್ಲಿ ಉತ್ತರ. ಹಲಸು ಬಲಿತ ಕೂಡಲೇ ಇಳಿಸಿ. ಬಡಿದು ನೋಡಿದರೆ ಸದ್ದಿನಲ್ಲೇ ಬಲಿತದ್ದು ಗೊತ್ತಾಗುತ್ತದೆ, ಇದನ್ನು ನಮ್ಮ ಮಂದಿಗೆ ಕಲಿಸಬೇಕಾಗಿಲ್ಲ. ಮನೆಯಲ್ಲಿ ಹಣ್ಣು ಮಾಡಿ. ಬೆಳಗಾವಿ ಮಾರ್ಕೆಟ್ಟಿಗೆ ಕಳಿಸುವವರು ಹೇಗೂ ಹಾಗೇ ಮಾಡುತ್ತಾರೆ. ಗಿಡದಲ್ಲೇ ಹಣ್ಣಾಗಲಿ ಅಂತ ಬಿಟ್ಟ ಒಂದೆರಡಕ್ಕೆ ಹಳೇ ಗೋಣಿಚೀಲ ಸುತ್ತಿ ಹುರಿಯಿಂದ ಬಿಗಿಯಿರಿ. ನಾನು ಮಾಡುತ್ತಿರುವುದು ಇಷ್ಟೇ, ಕೊರೆದ ಹಣ್ಣು ಬಹಳ ಕಡಿಮೆಯಾಗಿದೆ. ಅಂಚಿನ ಸಾಲಿನ ಮೇಲೆ ಬಾಗಿರುವ ನಿಮ್ಮದೇ ಗಿಡದ ಟೊಂಗೆ ಸವರಿದರೆ ನಡುವಿನ ಅಂತರ ಹೆಚ್ಚುತ್ತದೆ. ತೆಂಗಿಗೆ ಇಲಿ ಹತ್ತದಂತೆ ಬೊಡ್ಡೆಗೆ ತಗಡು ಸುತ್ತುತ್ತೇವಲ್ಲ, ಅದು ಹಾರುಬೆಕ್ಕಿಗೆ ನಡೆಯೋದಿಲ್ಲ. ಪಕ್ಕದಲ್ಲಿ ಎತ್ತರದ ಗಿಡ ಇದ್ದರೆ ಅದು ತಗಡಿನ ಮೇಲುಗಡೆಯೇ ಬಂದು ಇಳಿಯುತ್ತದೆ. ತಗಡಿನ ರೊಕ್ಕ ದಂಡ. ಇಲಿಗೆ ಅಂತ ಸುತ್ತೋದಾದರೆ ಸುತ್ತಿ.

ಬಾಳೆಹಣ್ಣಿನಲ್ಲಿ ಇಲಿ ಪಾಷಾಣ ಇಟ್ಟು ಟೊಂಗೆಗೆ ಕಟ್ಟುವ ಮಾತು ಈ ಸಲ ಸಂತೆಯಲ್ಲಿ ನನ್ನ ಕಿವಿಗೆ ಬಿತ್ತು. ದಯವಿಟ್ಟು ಬೇಡ. ಅದು ಕೆಳಗೆ ಬಿದ್ದರೆ ನಿಮ್ಮ ಎಮ್ಮೆ ತಿನ್ನುತ್ತದೆ, ನಿಮ್ಮ ಮಗು ಕೈಗೆತ್ತಿಕೊಳ್ಳುತ್ತದೆ. ಗಿಡದ ಮೇಲೆ ನೈಲಾನ್ ಬಲೆ ಎಳೆಯೋದೂ ಬೇಡ. ಅದಕ್ಕೆ ಗೂಬೆ, ಬಾವಲಿ ಸಿಕ್ಕಿ ಸಾಯುತ್ತವೆ. ಗೂಬೆ ಸತ್ತರೆ ಇಲಿಗೆ ಹಬ್ಬ.

ಬೇಲಿಯದ್ದು ಒಂದು ಮಾತು. ಹಂದಿಗೆ ಅಂತ ಮುಳ್ಳುತಂತಿ ಎಳೆಯುತ್ತೇವೆ, ಮೇಲಿನ ಸಾಲಿಗೂ ಮುಳ್ಳುತಂತಿಯನ್ನೇ ಹಾಕುತ್ತೇವೆ. ತಗ್ಗಿನಲ್ಲಿ ತೇಲಿ ಬರುವ ಪ್ರಾಣಿಯ ಪೊರೆ ಅದಕ್ಕೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳೋಕೆ ಆಗೋದಿಲ್ಲ. ಒದ್ದಾಡಿದಷ್ಟೂ ಹರಿಯುತ್ತದೆ. ಆಸ್ಟ್ರೇಲಿಯಾದಲ್ಲಿ ಅಲ್ಲಿಯ ತೇಲುವ ಪ್ರಾಣಿಗಳು ಹೀಗೆ ಸಾಯುವುದನ್ನು ನೋಡಿ, ಮೇಲಿನ ಒಂದೆರಡು ಸಾಲಿಗೆ ಮುಳ್ಳಿಲ್ಲದ ತಂತಿ ಹಾಕಿ ಅಂತ ರೈತರಿಗೆ ಹೇಳುತ್ತಾರೆ. ಹಂದಿ ನುಗ್ಗೋದು ಕೆಳಗಿನಿಂದ. ಮೇಲಿನ ಸಾಲಿಗೆ ಮುಳ್ಳು ಯಾಕೆ ಬೇಕು ಹೇಳಿ?

ಸಾಹೇಬರೇ, ಈಗ ನಿಮ್ಮಲ್ಲಿ ಕೇಳೋದು ಕೇಳಿಬಿಡುತ್ತೇನೆ. ನನಗೆ ಹಾರುಬೆಕ್ಕು ತಿಂದ ಹಲಸಿಗೆ ಪರಿಹಾರ ಬೇಡ. ಆ ಅರ್ಜಿ ತುಂಬಿಸಿ, ಫೋಟೋ ತೆಗೆಸಿ, ಖಾನಾಪುರಕ್ಕೆ ಬಸ್ಸಿನಲ್ಲಿ ಓಡಾಡುವ ಖರ್ಚೇ ಹಣ್ಣಿನ ಬೆಲೆಗಿಂತ ಜಾಸ್ತಿ. ಬೇಕಾಗಿರೋದು ಒಂದು ಸಂಜೆ. ಮನವಿಗೆ ಉತ್ತರ ಬರೆಯೋ ಮೊದಲು ನಿಮ್ಮ ಸಿಬ್ಬಂದಿ ಹಲಸಿನ ಹಂಗಾಮಿನಲ್ಲಿ ನಮ್ಮ ಕಾಡಂಚಿನ ತೋಟಗಳಲ್ಲಿ ಕತ್ತಲಾದ ಮೇಲೆ ಸುತ್ತಾಡಲಿ. ಯಾವ ಹಣ್ಣು ಯಾರ ಬಾಯಿಗೆ ಹೋಗುತ್ತಿದೆ ಅಂತ ಗೆರೆ, ಹಿಕ್ಕೆ, ಉಂಡೆ ನೋಡಿ ಬರೆದುಕೊಳ್ಳಲಿ. ನಾಶದ ವರದಿ ಬರೆಯುವಾಗ ‘ಅಳಿಲು ಇತ್ಯಾದಿ’ ಅಂತ ಒಂದೇ ಗೆರೆಯಲ್ಲಿ ಮುಗಿಸದೆ ಪ್ರಾಣಿ ಯಾವುದು ಅಂತ ಬೇರೆ ಬೇರೆ ಬರೆಯಲಿ. ತೋಟಗಾರಿಕೆಯವರು ರೈತರ ತರಬೇತಿಯಲ್ಲಿ ಹಿಟ್ಟುತಿಗಣೆ, ಟೀ ಸೊಳ್ಳೆಯಂಥ ಬೆಳೆ ಕೀಟಗಳನ್ನು ತೋರಿಸುತ್ತಾರಲ್ಲ, ಅದರ ಜೊತೆ ಕೊರೆದ ಹಣ್ಣಿನ ಫೋಟೋಗಳನ್ನೂ ತೋರಿಸಲಿ. ಅರ್ಧ ಗಂಟೆಯ ಪಾಠ.

ಎರಡನೇ ಮಾತು ಪೊಟರೆ ಇರುವ ಗಿಡಗಳದ್ದು. ಹಾರುಬೆಕ್ಕು ಗೂಡು ಮಾಡೋದು ಹಳೇ ದೊಡ್ಡ ಗಿಡದ ಪೊಟರೆಯಲ್ಲಿ. ಅಂಥ ಪೊಟರೆ ಆಗೋಕೆ ಗಿಡಕ್ಕೆ ಒಂದು ತಲೆಮಾರಿಗಿಂತ ಹೆಚ್ಚು ವಯಸ್ಸಾಗಬೇಕು. ನಂದಿ, ಮತ್ತಿ, ಹಳೇ ಮಾವು ಒಳಗೆ ಟೊಳ್ಳಾದರೆ ಮರದ ವ್ಯಾಪಾರಿಗೆ ಅದು ಬೇಡ, ಆದರೂ ‘ಒಣಗಿದೆ, ಅಪಾಯ’ ಅಂತ ಮೊದಲು ಕಡಿಯೋದು ಅದನ್ನೇ. ಖಾಸಗಿ ಜಾಗದಲ್ಲಿ ಕಡಿಯೋಕೆ ಅನುಮತಿ ಕೊಡುವಾಗ ಪೊಟರೆ ಇದೆಯಾ ಅಂತ ಒಂದು ಸಲ ತಲೆ ಎತ್ತಿ ನೋಡಿ. ಮನೆ, ರಸ್ತೆ ಮೇಲೆ ಬೀಳೋ ಹಾಗಿದ್ದರೆ ಕಡಿಯಲೇಬೇಕು, ಒಪ್ಪುತ್ತೇನೆ. ಕಾಡಂಚಿನಲ್ಲಿ ಒಂಟಿಯಾಗಿ ನಿಂತಿರೋದನ್ನು ಬಿಡಬಹುದಲ್ವಾ? ಅದೇ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿಯೂ ಮರಿ ಮಾಡುತ್ತದೆ, ಗೂಬೆಯೂ ಇರುತ್ತದೆ.

ಮೂರನೆಯದು ರಸ್ತೆ. ಇಳಿಜಾರಿನ ಲೆಕ್ಕ ಇಲ್ಲಿ ಮತ್ತೆ ಬೇಕು. ಬೆಳಗಾವಿಯಿಂದ ಖಾನಾಪುರ, ಲೋಂಡಾ ದಾಟಿ ಗೋವಾಕ್ಕೆ ಹೋಗುವ ಹೆದ್ದಾರಿ ಅಗಲ ಆಗುವಾಗ ಎರಡೂ ಕಡೆಯ ದೊಡ್ಡ ಗಿಡಗಳು ಹೋದವು. ಹಿಂದೆ ಟೊಂಗೆಗೆ ಟೊಂಗೆ ತಾಗಿಕೊಂಡು ಚಪ್ಪರದ ಹಾಗಿದ್ದ ಕಡೆ ಈಗ ಬಯಲು. ಗಿಡದ ಎತ್ತರದ ಎರಡು ಪಟ್ಟಿಗಿಂತ ಬಯಲು ಅಗಲವಾದರೆ ಹಾರುಬೆಕ್ಕಿನ ಪಾಲಿಗೆ ಅದು ಗೋಡೆಯೇ. ಆಚೆಯ ಕಾಡು ಆಚೆ, ಈಚೆಯದು ಈಚೆ. ಚಿಕ್ಕ ತುಂಡು ಕಾಡಿನಲ್ಲಿ ಸಿಕ್ಕಿಕೊಂಡ ಪ್ರಾಣಿ ಮಗ್ಗುಲಿನ ತೋಟಕ್ಕೆ ಬಾರದೆ ಇನ್ನೆಲ್ಲಿ ಹೋಗಬೇಕು? ಆಸ್ಟ್ರೇಲಿಯಾದ ಹ್ಯೂಮ್ ಹೆದ್ದಾರಿಯಲ್ಲಿ ಇಂಥ ಕಡೆ ಎತ್ತರದ ಮರದ ಕಂಬಗಳನ್ನು ನೆಟ್ಟಿದ್ದಾರೆ. ಅಲ್ಲಿಯ ಪ್ರಾಣಿಗಳು ಗಿಡದಿಂದ ಕಂಬಕ್ಕೆ, ಕಂಬದಿಂದ ಆಚೆಯ ಗಿಡಕ್ಕೆ ತೇಲಿ ರಸ್ತೆ ದಾಟುತ್ತವೆ. ನಮ್ಮಲ್ಲಿ ಕಂಬ ನೆಡದಿದ್ದರೂ ಪರವಾಗಿಲ್ಲ. ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ ಕಡೆಯ ಸಣ್ಣ ರಸ್ತೆಗಳನ್ನು ಮುಂದೆ ಅಗಲ ಮಾಡುವಾಗ ಅಲ್ಲಲ್ಲಿ ಎರಡೂ ದಂಡೆಯ ಎತ್ತರದ ಗಿಡಗಳ ಜೋಡಿಯನ್ನು ಉಳಿಸಿ. ಯಾವ ಜೋಡಿ ಅಂತ ಗುರುತು ಹಾಕಿಕೊಡೋಕೆ ನಾವು ಊರಿನವರು ಬರುತ್ತೇವೆ.

ನಮ್ಮ ತಾಲೂಕಿನ ಭೀಮಗಡ ಕಾಡು 2011ರಲ್ಲಿ ಅಭಯಾರಣ್ಯವಾಯಿತು, ಸುಮಾರು 190 ಚದರ ಕಿಲೋಮೀಟರ್. ಅದರೊಳಗಿನ ಬಾರಾಪೇಡೆ ಗುಹೆಯ ಅಪರೂಪದ ಬಾವಲಿಯ ಬಗ್ಗೆ ದೂರದೂರದವರು ಬರೆಯುತ್ತಾರೆ, ಒಳ್ಳೆಯದೇ. ಆದರೆ ಹಾರುಬೆಕ್ಕಿಗೆ ಅಭಯಾರಣ್ಯದ ಗಡಿಕಲ್ಲು ಕಾಣೋದಿಲ್ಲ. ಅದು ನಮ್ಮ ಮಾಲ್ಕಿ ಜಾಗದ ಗಿಡದಲ್ಲೂ ಇದೆ. ಅಲ್ಲಿ ಅದನ್ನು ಉಳಿಸೋದೂ ಬಿಡೋದೂ ನಮ್ಮಂಥ ತೋಟದವರ ಕೈಯಲ್ಲೇ ಇದೆ. ನಮ್ಮನ್ನು ಕಳ್ಳರ ಹಾಗೆ ನೋಡದೆ ಕೂಡಿಸಿಕೊಂಡು ಮಾತಾಡಿದರೆ ನಮ್ಮ ಮಂದಿ ಕೇಳುತ್ತಾರೆ.

ತೋಟದ ಬಳಗಕ್ಕೆ ಒಂದೇ ವಿನಂತಿ. ಮನವಿ ಇನ್ನೂ ಕೊಟ್ಟಿಲ್ಲ, ತಿದ್ದೋಕೆ ಟೈಮ್ ಇದೆ. ಹಂದಿ, ಕೋಣ, ಮಂಗದ ಬಗ್ಗೆ ಇನ್ನೂ ಗಟ್ಟಿಯಾಗಿ ಬರೆಯೋಣ. ಯಾರ ಹೊಲ, ಯಾವ ಬೆಳೆ, ಎಷ್ಟು ನಷ್ಟ ಅಂತ ಲೆಕ್ಕ ಸಮೇತ ಬರೆಯೋಣ. ಆ ಲೆಕ್ಕ ಕೂಡಿಸೋ ಕೆಲಸ ನಾನು ಮಾಡುತ್ತೇನೆ, ಕಾಗದವನ್ನು ಬೆಳಗಾವಿಗೆ ಒಯ್ಯೋಕೂ ನಾನೇ ಬರುತ್ತೇನೆ. ನಾಲ್ಕನೇ ಸಾಲು ಮಾತ್ರ ತೆಗೆಯೋಣ.

ಸಾಹೇಬರೇ, ನೀವು ಬರೋದಾದರೆ ಮೇ ತಿಂಗಳಲ್ಲಿ ಬನ್ನಿ. ಹಲಸು ಆಗ ಹಣ್ಣಾಗೋಕೆ ಶುರುವಾಗಿರುತ್ತದೆ. ಜೂನ್ ದಾಟಿ ಮಳೆ ಹಿಡಿದರೆ ನಮ್ಮ ಕಡೆ ಬ್ಯಾಟರಿ ಬೆಳಕಿಗೆ ಎದುರಿನ ಗಿಡವೂ ಕಾಣೋದಿಲ್ಲ, ಜಿಗಣೆ ಬೇರೆ. ಹೊತ್ತು ಮುಳುಗೋದಕ್ಕೆ ಅರ್ಧ ಗಂಟೆ ಮೊದಲು ತೋಟಕ್ಕೆ ಮುಟ್ಟಿದರೆ ಸಾಕು. ರಾತ್ರಿ ಊಟ ನಮ್ಮಲ್ಲೇ.

ಇಂತಿ,
ಖಾನಾಪುರ ತಾಲೂಕಿನ ಕಾಡಂಚಿನ ಒಬ್ಬ ತೋಟದವ